ಜವರಮ್ಮನ ಹೆಜ್ಜೆಗೆ ಟ್ರಾಕ್ಟರು

ನಾಗಮಂಗಲದ ಬಳಿಯ ಒಂದು ಹೊಲದಲ್ಲಿ ಹೊಸ ಟ್ರಾಕ್ಟರಿನಿಂದ ರಾಗಿ ಬಿತ್ತಿ ತೋರಿಸುವುದು ಕಂಪನಿಯಲ್ಲಿ ನನಗೆ ಸಿಕ್ಕ ಮೊದಲ ಕೆಲಸ. ಟ್ರಾಕ್ಟರಿಗೆ ಕಟ್ಟಿದ ಕೂರಿಗೆಯ ಹಿಂದೆ, ರಾಗಿಯ ನಡುವಿನ ಸಾಲಿಗೆ ಕೈಯಿಂದ ಅವರೆಕಾಳು ಬಿಡುತ್ತಾ ನಡೆಯುವವರು ಮನೆಯೊಡತಿ ಜವರಮ್ಮ.

"ಸಾಲಲ್ಲಿ ಕಾಳು ತಪ್ಪೋದ್ರೆ ಈ ಗಾಡಿ ಬ್ಯಾಡ ನಮ್ಗೆ," ಎಂದರು.

ಮೊದಲ ಸಾಲಿನಲ್ಲಿ ಉಬ್ಬುತಗ್ಗಿಗೆ ಆಕ್ಸಿಲರೇಟರ್ ಮೇಲಿನ ನನ್ನ ಕಾಲು ಅಲುಗಿ ವೇಗ ಏರಿಳಿಯಿತು. ಜವರಮ್ಮ ಹಿಂದುಳಿದರು.

"ಎಲ್ಲಿಗಪ್ಪಾ ಅಂಗೆ ಓಡ್ತೀಯ, ಬಸ್ಸು ತಪ್ಪೋಯ್ತದಾ?"

ಎರಡನೇ ಸಾಲಿಗೆ ಪೆಡಲಿನಿಂದ ಕಾಲು ತೆಗೆದೆ. ಹಿಂತಿರುಗಿ ಅವರ ಹೆಜ್ಜೆ ನೋಡುತ್ತಾ, ಸ್ಟೀರಿಂಗ್ ಪಕ್ಕದ ಕೈ ಆಕ್ಸಿಲರೇಟರಿನ ಹಿಡಿಯನ್ನು ಸ್ವಲ್ಪಸ್ವಲ್ಪವೇ ಇಳಿಸಿ, ಆ ನಡಿಗೆಗೆ ಹೊಂದಿದ ಕಡೆ ಬಿಟ್ಟೆ. ಹೊಲದ ಕೊನೆಯವರೆಗೂ ಅದೇ ವೇಗ.

ಜವರಮ್ಮ ಬಗ್ಗಿ ಸಾಲು ಕೆದಕಿ ನೋಡಿದರು. "ನಮ್ ಎತ್ತು ನಡ್ದಂಗೇ ಅದೆ. ಗಾಡಿ ಇರ್ಲಿ ಬುಡು."

ಬಿ.ಎಸ್ಸಿ.ಯಲ್ಲಿ ಬಂದ ಕ್ಲಾಸನ್ನು ನಾನು ಯಾರಿಗೂ ಹೇಳುವುದಿಲ್ಲ. ಎತ್ತಿಗೆ ಸಮ ಎನ್ನಿಸಿಕೊಂಡದ್ದನ್ನು ಮಾತ್ರ ಯಾರೂ ಕೇಳದಿದ್ದರೂ ಹೇಳುತ್ತೇನೆ.