ಗಿರಿಜಕ್ಕನ ಹಳೆಯ ಲ್ಯಾಪ್‌ಟಾಪ್

ಗಿರಿಜಕ್ಕ, ನಿಮ್ಮ ಚಿತ್ರಗಳನ್ನು ಅಳಿಸಿದವನು ನಾನು. ಹಳೆಯ ಲ್ಯಾಪ್‌ಟಾಪಿನ ಡಿಸ್ಕ್ ತಾನಾಗಿ ಕೆಟ್ಟಿತ್ತೆಂದು ಮೂರು ವರ್ಷದ ಹಿಂದೆ ಹೇಳಿದ್ದು — ಸುಳ್ಳು.

ಜೆ.ಪಿ. ನಗರದ ಈ ಮನೆಯಲ್ಲಿ ಮೇಲೆ ನೀವು, ಕೆಳಗೆ ಬಾಡಿಗೆಗೆ ನಾನು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿದ್ದ ನೀವು, ನಿವೃತ್ತಿಯ ನಂತರವೂ ಊಟದ ಹೊತ್ತಿಗೆ ಅಲ್ಲಿಯ ಗೇಟಿನ ಬಳಿ ಹೋಗಿ ಕ್ಯಾಮೆರಾದಲ್ಲಿ ಅಲ್ಲಿನ ಹೆಂಗಸರ ಚಿತ್ರ ತೆಗೆಯುತ್ತಿದ್ದಿರಿ. ಅವನ್ನು ತಿದ್ದಲು ಹೊಸ ಲ್ಯಾಪ್‌ಟಾಪ್ ಬೇಕೆಂದು ಜಯನಗರದ ಅಂಗಡಿಗೆ ನನ್ನನ್ನು ಕರೆದೊಯ್ದಿರಿ.

"ಸ್ಪೀಡು ಗೀಡು ನಂಗೆ ಗೊತ್ತಾಗಲ್ಲ ಕಣೋ. ಇವರ ಮೈಬಣ್ಣ ಇದ್ದ ಹಾಗೇ ಕಾಣ್ಬೇಕು, ಬೆಳ್ಳಗೆ ತೋರಿಸ್ಬಾರ್ದು, ಅಷ್ಟೆ."

ಪೆನ್‌ಡ್ರೈವಿನಲ್ಲಿ ಒಯ್ದ ಒಂದೇ ಮುಖವನ್ನು ನಾಲ್ಕು ಪರದೆಗಳ ಮೇಲೆ ನೋಡಿದೆವು. ಆರಿಸಿದ್ದರಲ್ಲಿ ತಪ್ಪಿರಲಿಲ್ಲ.

ಹಳೆಯದನ್ನು ಅಂಗಡಿಯವರೇ ತೆಗೆದುಕೊಳ್ಳುತ್ತೇವೆಂದರು. ಅದರಲ್ಲಿದ್ದ ಚಿತ್ರಗಳನ್ನು ಹೊಸದಕ್ಕೆ ಹಾಕುವ ಕೆಲಸ ನನ್ನದು. ನಕಲು ಅರ್ಧಕ್ಕೇ ನಿಂತಿತ್ತು, ನಾನು ನೋಡಲಿಲ್ಲ. ನೋಡಿದೆನೆಂದು ನಿಮಗೆ ಹೇಳಿ, ಹಳೆಯದನ್ನು ಪೂರ್ತಿ ಅಳಿಸಿ ಕೊಟ್ಟುಬಂದೆ.

ನಾಲ್ಕನೆಯ ದಿನ ನೀವು ಕೆಳಗಿಳಿದು ಬಂದಿರಿ. "ಮಹದೇವಮ್ಮನ ಫೋಟೋ ಒಂದೂ ಇಲ್ವಲ್ಲೋ."

ನಿಮ್ಮ ಕೈಕೆಳಗೆ ಹೊಲಿಯುತ್ತಿದ್ದ ಮಹದೇವಮ್ಮ ಆ ವಾರವೇ ತೀರಿಕೊಂಡಿದ್ದರು. ಅಮ್ಮ ನಗುತ್ತಿರುವ ಚಿತ್ರವೊಂದು ಬೇಕೆಂದು ಮಗಳು ಕೇಳಿದ್ದಳು. ನಕಲು ಅರ್ಧಕ್ಕೇ ನಿಂತದ್ದು ನನಗೆ ಆಗ ತಿಳಿಯಿತು.

"ಆ ಡಿಸ್ಕ್ ಮೊದ್ಲೇ ಕೆಟ್ಟಿತ್ತು ಅಕ್ಕ," ಅಂದುಬಿಟ್ಟೆ.

ರಿಪೇರಿಯವರಿಗೆ ತೋರಿಸೋಣವೇ ಎಂದಿರಿ. ಅಂಗಡಿಯವರು ಮಾರಿಬಿಟ್ಟಿದ್ದಾರೆ ಎಂದೆ. ಮಾರಿರಲಿಲ್ಲ. ಆ ಬೆಳಿಗ್ಗೆಯಷ್ಟೇ ಅವರು ಫೋನ್ ಮಾಡಿ ಅದರ ಚಾರ್ಜರ್ ಕೇಳಿದ್ದರು. ತೋರಿಸಿದ್ದರೆ ಅಳಿಸಿದ್ದೂ ಮರಳಿ ಸಿಗುತ್ತಿತ್ತೇನೋ — ಆದರೆ ಡಿಸ್ಕ್ ಚೆನ್ನಾಗೇ ಇದೆ, ಯಾರೋ ಅಳಿಸಿದ್ದಾರೆ ಎಂದು ನಿಮ್ಮೆದುರೇ ಹೇಳಿಬಿಟ್ಟರೆ... ಆ ಭಯಕ್ಕೇ ಹಾಗೆ ಹೇಳಿದೆ.

ಭಾನುವಾರ ಮಗಳು ಬಂದಳು. ನೀವು ಅವಳ ಕೈ ಹಿಡಿದು, "ನಂದೇ ತಪ್ಪಮ್ಮ, ಡಿಸ್ಕ್ ಕೆಡೋ ಹಾಗೆ ನಾನೇ ಏನೋ ಒತ್ಬಿಟ್ಟಿರ್ಬೇಕು," ಅಂದಿರಿ. ನಾನು ಬಾಗಿಲಲ್ಲೇ ನಿಂತಿದ್ದೆ.

ಅಂದಿನಿಂದ ನೀವು ಕ್ಯಾಮೆರಾ ಮುಟ್ಟಿಲ್ಲ. ನಿಮ್ಮ ಚಪ್ಪಲಿ ಸದ್ದಾದರೆ ನಾನು ಟಿ.ವಿ. ಆರಿಸಿ, ಮನೆಯಲ್ಲಿಲ್ಲದವನಂತೆ ಕೂರುತ್ತೇನೆ. ಗೊತ್ತಾಯಿತೇನೋ, ಕೇಳಲು ಬಂದರೇನೋ — ಪ್ರತಿ ಸಲವೂ ಅದೇ ಭಯ. ಮೊನ್ನೆ ನೀವು, "ಬೇಕಾದೋರ್ಗೆ ಯಾರ್ಗಾದ್ರೂ ಕ್ಯಾಮೆರಾ ಕೊಟ್ಬಿಡಪ್ಪ," ಅಂದಾಗಲೂ ತಲೆಯಾಡಿಸಿದೆ.

ಈ ಕಾಗದವನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಮನೆ ಖಾಲಿ ಮಾಡಿಬಿಡೋಣ ಎಂದೂ ಯೋಚಿಸಿದ್ದೆ. ಹಾಗೆ ಮಾಡಲಿಲ್ಲ; ಇಂದು ಮಧ್ಯಾಹ್ನ ಬೊಮ್ಮನಹಳ್ಳಿಗೆ ಹೋಗಿ ಮಹದೇವಮ್ಮನ ಮಗಳಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಕೇಳಿದ್ದು ಒಂದೇ:

"ಆಗ್ಲೇ ಹೇಳಿದ್ರೆ ಸಿಗ್ತಿತ್ತಾ ಅಣ್ಣ?"

"ಸಿಗ್ತಿತ್ತೇನೋ," ಅಂದೆ.

ಈಗ ನಿಮ್ಮ ಮೆಟ್ಟಿಲು ಹತ್ತಬೇಕು. ಈ ಕಾಗದ ಹಿಡಿದು ನಾನೇ ಬರುತ್ತಿದ್ದೇನೆ ಅಕ್ಕ.