ನಿಲ್ಲದ ಮಗ್ಗದ ಸಾಕ್ಷಿ

ಆ ಕೆಂಪು ದಾರವನ್ನು ನಾನು ಕಣ್ಣಾರೆ ಕಂಡೆನೋ, ಎಲ್ಲರೂ ಹೇಳಿದ್ದನ್ನು ಕೇಳಿ ಕೇಳಿ ಕಂಡಂತೆ ಅನ್ನಿಸಿತೋ, ಇವತ್ತಿಗೂ ಖಚಿತವಾಗಿ ಹೇಳಲಾರೆ. ಹೀಗಿರುವಾಗ ನೀವು ಇದನ್ನು ನಂಬಬೇಕೆಂದು ಕೇಳುವ ಧೈರ್ಯ ನನಗಿಲ್ಲ. ಜೊತೆಗೆ ಕೂತು ಅನುಮಾನಪಟ್ಟರೆ ಸಾಕು.

ಇದು ಮತ್ತೆ ನೆನಪಾದದ್ದು ಮೊಮ್ಮಗಳ ಕಂಪ್ಯೂಟರಿನಿಂದ. ಕೊಲ್ಲಾಪುರದ ನಮ್ಮ ಮನೆಯ ಊಟದ ಮೇಜೇ ಅವಳ ಆಫೀಸು. ಹಾಲಿನ ಡೇರಿಗಳಿಗಾಗಿ ಪ್ರೋಗ್ರಾಂ ಬರೆಯುತ್ತಾಳೆ. ಬರೆದದ್ದು ಸರಿಯಿದೆಯೇ ಎಂದು ನೋಡಲು ಇನ್ನಷ್ಟು ಪ್ರೋಗ್ರಾಂ ಬರೆಯುತ್ತಾಳೆ. ಆ ಎರಡನೆಯವು ತಾವಾಗಿಯೇ ಓಡಿ, ಎಲ್ಲ ಸರಿಯಿದ್ದರೆ ಪರದೆಯ ಮೇಲೆ ಹಸಿರು ಗುರುತುಗಳನ್ನು ಸಾಲಾಗಿ ಮೂಡಿಸುತ್ತವೆ. ಮೊನ್ನೆ ಗಡಹಿಂಗ್ಲಜದ ಡೇರಿಯವನೊಬ್ಬ ಫೋನ್ ಮಾಡಿ, ಹಾಲಿನ ಫ್ಯಾಟು ತಪ್ಪು ತೋರಿಸುತ್ತಿದೆ ಎಂದು ಗೋಗರೆಯುತ್ತಿದ್ದ. ಅವಳು ಹಸಿರನ್ನೊಮ್ಮೆ ನೋಡಿ ಫೋನ್ ಇಟ್ಟುಬಿಟ್ಟಳು.

“ಟೆಸ್ಟ್ ಎಲ್ಲಾ ಪಾಸ್ ಆಗ್ಯಾವ ಅಜ್ಜಾ. ಅಂವನ ಏನರೆ ತಪ್ಪ ಒತ್ಯಾನ.”

ಈ ಮಾತನ್ನು ನಾನು ಹಿಂದೊಮ್ಮೆ ಕೇಳಿದ್ದೆ, ಕಂಪ್ಯೂಟರನ್ನು ಕಣ್ಣಿಂದಲೂ ಕಾಣದ ಕಾಲದಲ್ಲಿ.

ಅರವತ್ತರ ದಶಕದ ಆರಂಭವಿರಬೇಕು. ಕೊಲ್ಲಾಪುರದ ಕಾಲೇಜಿನಲ್ಲಿ ತರ್ಕಶಾಸ್ತ್ರ ಓದುತ್ತಿದ್ದೆ. ಚಹಾ ಬಿಸಿಯಿದೆ ಎಂದರೂ ಪುರಾವೆ ಕೇಳುವ ರೋಗ ಆಗಲೇ ಅಂಟಿತ್ತು. ದೀಪಾವಳಿ ರಜೆಗೆ ಇಚಲಕರಂಜಿಯ ಪಕ್ಕದ ಕಬನೂರಿಗೆ, ಸೋದರಮಾವನ ಮನೆಗೆ ಹೋಗಿದ್ದೆ. ಮನೆಯ ಹಿಂದೆಯೇ ಮಾವನ ವಿದ್ಯುತ್ ಮಗ್ಗಗಳ ಶೆಡ್. ಅಲ್ಲಿನ ಗದ್ದಲಕ್ಕೆ ಮನೆಯವರೆಲ್ಲ ಊಟಕ್ಕೆ ಕೂತಾಗಲೂ ಕೂಗಿಯೇ ಮಾತಾಡುತ್ತಿದ್ದರು. ಉಪ್ಪು ಕೇಳಿದರೂ ಜಗಳವಾಡಿದಂತೆ ಕೇಳಿಸುತ್ತಿತ್ತು.

ಮಾವನಿಗೆ ಆ ಮಗ್ಗಗಳಲ್ಲಿ ಭಾಳ ಹೆಮ್ಮೆಯ ಭಾಗವೆಂದರೆ ಮುಳ್ಳುಚಮಚದಂಥ ಒಂದು ಸಣ್ಣ ಫೋರ್ಕು. ಬಟ್ಟೆಯ ಅಡ್ಡ ಎಳೆ ಬಂದಿದೆಯೇ ಎಂದು ಅದು ಮುಟ್ಟಿ ನೋಡುತ್ತದೆ. ಎಳೆ ಸಿಗದಿದ್ದರೆ ಮಗ್ಗವನ್ನು ತಾನೇ ನಿಲ್ಲಿಸುತ್ತದೆ. ಅದು ಇದ್ದದ್ದರಿಂದಲೇ ಒಬ್ಬ ನೇಕಾರ ಹಲವು ಮಗ್ಗ ನೋಡಿಕೊಳ್ಳಬಹುದಿತ್ತು. ಕೆಲವು ನೇಕಾರರು ಫೋರ್ಕಿಗೆ ದಾರ ಬಿಗಿದು, ಅದರ ಬಾಯಿ ಕಟ್ಟಿ, ಹೊರಗೆ ಬೀಡಿ ಸೇದಲು ಹೋಗುತ್ತಿದ್ದರು. ಮಾವನ ಕಣ್ಣಿಗೆ ಇದಕ್ಕಿಂತ ದೊಡ್ಡ ಪಾಪವಿರಲಿಲ್ಲ.

ಒಂದು ದಿನ ನಾಗಪ್ಪ ನೇಯ್ದ ಧೋತರದಲ್ಲಿ ಅಲ್ಲಲ್ಲಿ ಎಳೆ ತಪ್ಪಿ ಜಾಳು ಬಿದ್ದಿತ್ತು. ನಾಗಪ್ಪ ಬೆಳಗಾವಿ ಕಡೆಯವನು. ಆಗಷ್ಟೇ ಕಬನೂರಿನಲ್ಲಿ ಬಾಡಿಗೆ ಖೋಲಿ ಹಿಡಿದು ಹೆಂಡತಿಯನ್ನು ಕರೆತಂದಿದ್ದ. ಮಾವ ಧೋತರವನ್ನು ಬೆಳಕಿಗೆ ಹಿಡಿದರು.

“ಎಳಿ ಕಡದ್ರ ಮಗ್ಗ ನಿಂದರಬೇಕು. ನಿಂತಿಲ್ಲ. ಹಂಗಾರ ಫೋರ್ಕ್ ಕಟ್ಟಿದವ ನೀನ.”

“ದೇವರಾಣಿ ಕಟ್ಟಿಲ್ರಿ ಮಾಲಕ್ರ. ಕಟ್ಟಿ ಬೀಡಿ ಸೇದಾಕ ಹೋಗಿದ್ನೇನ್ರಿ ನಾ?”

“ಹೋಗಿದ್ದಿಲ್ಲೇನು?”

“ಅದು... ಒಂದ್ಸಲ ಹೋಗಿದ್ದೆರಿ.”

ಉಳಿದವರು ನಕ್ಕರು. ಅಷ್ಟರಲ್ಲಿ ಮಾವ ಬಗ್ಗಿ ಮಗ್ಗದ ಕೆಳಗಿಂದ ಒಂದು ತುಂಡು ಕೆಂಪು ದಾರ ಎತ್ತಿದರು. ಹಿಂದಿನ ದಿನ ಅದು ಫೋರ್ಕಿನ ಮೇಲೆಯೇ ಇದ್ದದ್ದನ್ನು ನಾನು ನೋಡಿದ್ದೆ ಎಂದು ನನಗೆ ಅನ್ನಿಸುತ್ತದೆ. ಅನ್ನಿಸುತ್ತದೆ, ಅಷ್ಟೇ.

“ಅದು ಖಂಡೇನವಮಿ ದಾರ ರೀ. ಬಾಯಾರ ಕಟ್ಟಿದ್ದು,” ಎಂದ ನಾಗಪ್ಪ.

ಬಾಯಾರು ಎಂದರೆ ಮಾವನ ಹೆಂಡತಿ, ನನ್ನ ಅತ್ತಿ. ಬಾಗಿಲಲ್ಲಿ ನಿಂತಿದ್ದ ಅವರು ತಲೆಯಾಡಿಸಿದರು. “ಖರೆ ಅದ. ಆಯುಧಪೂಜಾ ಮಾಡಿ ಎಲ್ಲಾ ಮಗ್ಗಕ್ಕೂ ನಾನ ಕಟ್ಟೀನಿ. ಆದ್ರ ಎಲ್ಲೆಲ್ಲಿ ಕಟ್ಟೀನೋ ಯಾರಿಗೆ ನೆನಪೈತಿ?”

ಹಾಗಾದರೆ ದೇವರ ದಾರವೇ ಫೋರ್ಕಿನ ಬಾಯಿ ಕಟ್ಟಿತ್ತೇ? ನನಗೆ ಅತ್ತಿಯ ಮೇಲೂ ಅನುಮಾನ, ನಾಗಪ್ಪನ ಬೀಡಿಯ ಮೇಲೂ ಅನುಮಾನ. ಮಾವನ ಮೇಲೆ ಮಾತ್ರ ಬರಲಿಲ್ಲ, ಯಾಕೆಂದರೆ ಅವರು ಎಲ್ಲರೆದುರು ಪರೀಕ್ಷೆ ಮಾಡಿ ತೋರಿಸಿದರು. ಮಗ್ಗ ನಿಲ್ಲಿಸಿ, ತಾವು ನಿಂತಿದ್ದ ಕಡೆ, ಮಗ್ಗ ನಡೆಸುವ ಹಿಡಿಕೆಯ ಪಕ್ಕದಲ್ಲೇ, ಅಡ್ಡ ಎಳೆಯನ್ನು ಕತ್ತರಿಸಿ, ಮತ್ತೆ ಚಾಲೂ ಮಾಡಿದರು. ಖಟ್ ಎಂದು ನಿಂತಿತು.

“ನೋಡ್ರಿ! ಫೋರ್ಕ್ ಸುಳ್ಳ ಹೇಳೂದಿಲ್ಲ. ಸುಳ್ಳ ಹೇಳಾವ್ರು ಮನಷ್ಯಾರು.”

ತರ್ಕಶಾಸ್ತ್ರದ ವಿದ್ಯಾರ್ಥಿಗೆ ಇನ್ನೇನು ಬೇಕು? ನೀವಿದ್ದರೂ ಒಪ್ಪುತ್ತಿದ್ದಿರಿ.

ನಾಗಪ್ಪನ ಕೆಲಸ ಹೋಯಿತು. ಹೊರಡುವಾಗ ಸೈಕಲ್ಲಿಗೆ ಟ್ರಂಕು ಬಿಗಿಯುತ್ತ ಅವನು ಮಾವನಿಗೆ ಹೇಳಿದ್ದು ಮಾತ್ರ ನನಗೆ ಸರಿಯಾಗಿ ನೆನಪಿದೆ: “ಹೋಗ್ಲಿ ಬಿಡ್ರಿ ಮಾಲಕ್ರ. ಇನ್ನ ಮ್ಯಾಲ ಧೋತರಾನೂ ಆ ಫೋರ್ಕ್ ಕಡಿಂದನ ನೇಯಸ್ರಿ.”

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಅವಳು ಕೆಂಪು ದಾರದ ಬಗ್ಗೆ ಏನೂ ಕೇಳಲಿಲ್ಲ.

“ಧೋತರದಾಗ ಜಾಳ ಎಲ್ಲಿ ಬಿದ್ದಿತ್ತು ಅಜ್ಜಾ?”

“ನಡುವಿನಿಂದ ಆಚೀ ಅಂಚಿನ ಕಡೆ. ಹಿಡಿಕೆ ಕಡೆ ಬಟ್ಟಿ ಗಟ್ಟಿ ಇತ್ತು... ಅನ್ಸತದ.”

“ಮತ್ತ ಫೋರ್ಕ್ ಯಾವ ಕಡೆ ಇತ್ತು?”

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ದಾರ ಯಾರು ಕಟ್ಟಿದರೆಂದು ಯೋಚಿಸಿದ್ದೆನೇ ಹೊರತು, ಕಟ್ಟದಿದ್ದ ಫೋರ್ಕಿಗೆ ಎಷ್ಟು ಕಾಣುತ್ತಿತ್ತೆಂದು ಕೇಳಿಕೊಂಡಿರಲಿಲ್ಲ. ಅವಳು ತನ್ನ ಹಸಿರು ಸಾಲಿನತ್ತ ತಿರುಗಿದಳು. ಆ ಪರೀಕ್ಷೆಗಳನ್ನು ಬರೆದವಳೂ ಅವಳೇ. ಆಮೇಲೆ ಡೇರಿಯವನಿಗೆ ತಾನೇ ಫೋನ್ ಹಚ್ಚಿದಳು: “ಕಾಕಾ, ಸಿಟ್ಟಾಗಬ್ಯಾಡ್ರಿ. ನೀವು ಏನೇನ ಒತ್ತಿದ್ರಿ, ಮೊದಲಿಂದ ಹೇಳ್ರಿ.”

ಮರುವಾರ ನಾನು ಬಸ್ ಹಿಡಿದು ಕಬನೂರಿಗೆ ಹೋದೆ. ಮಾವನ ಶೆಡ್ ಉಳಿದಿಲ್ಲ. ಅದೇ ಓಣಿಯಲ್ಲಿ ಅಂಥದೇ ಹಳೆಯ ಮಗ್ಗವೊಂದು ಇನ್ನೂ ಓಡುತ್ತಿತ್ತು. ನಿಲ್ಲಿಸಲು ಹೇಳಿ, ಕನ್ನಡಕ ಒರೆಸಿಕೊಂಡು ನೋಡಿದೆ. ದಾರದ ಬಗ್ಗೆ ಈಗಲೂ ಏನೂ ಹೇಳಲಾರೆ. ಇದೊಂದನ್ನು ಹೇಳಬಲ್ಲೆ: ಫೋರ್ಕು ಇರುವುದು ಹಿಡಿಕೆಯ ಪಕ್ಕದ ಒಂದೇ ಅಂಚಿನಲ್ಲಿ, ಆಚೆ ಅಂಚನ್ನು ಅದು ಮುಟ್ಟುವುದೇ ಇಲ್ಲ.