ಅರಿಷಿಣದ ಬನಿಯನ್ನು

ವಾರದ ಆರು ದಿನ ಚನ್ನಪ್ಪ ಕಾಕಾ ಬೆಳ್ಳಗೆ ಇರುತ್ತಿದ್ದ, ಏಳನೆಯ ದಿನ ಹಳದಿ. ಬಿಳುಪು ಗಿರಣಿಯದು. ನಮ್ಮೂರಿನ ಹಿಟ್ಟಿನ ಗಿರಣಿ ಅವನದೇ, ಹೀಗಾಗಿ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲದರ ಮೇಲೂ ಜೋಳದ ಹಿಟ್ಟು ಕೂತಿರುತ್ತಿತ್ತು. ರವಿವಾರ ಗಿರಣಿ ಬಂದ್. ಕಬಡ್ಡಿ ಪಂದ್ಯವಿದ್ದ ರವಿವಾರ ಅವನು ನೀರು ತುಂಬಿಡುವ ಕಲ್ಲಿನ ದೋಣಿಯಲ್ಲಿ ತಲೆ ಮುಳುಗಿಸಿ ಎದ್ದು, ಧೋತರದ ಮೇಲೆ ನಮ್ಮ ತಂಡದ ಹಳದಿ ಬನಿಯನ್ನು ಏರಿಸಿ ಓಣಿಗೆ ಇಳಿಯುತ್ತಿದ್ದ. ಬನಿಯನ್ನು ಹೊಟ್ಟೆಯ ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ಉಳಿದರ್ಧ ಹೊಟ್ಟೆ ಬರಿಮೈಯಲ್ಲೇ ಪಂದ್ಯ ನೋಡಲು ಬರುತ್ತಿತ್ತು.

ಅವನು ಒಂದು ದಿನವೂ ಕಬಡ್ಡಿ ಆಡಿದವನಲ್ಲ. ನಾನು ತಂಡದ ಕ್ಯಾಪ್ಟನ್ ಆಗಿದ್ದಾಗ ಒಮ್ಮೆ ತಮಾಷೆಗೆ ಅಂಕಣಕ್ಕೆ ಕರೆದಿದ್ದೆ. "ಮಲ್ಲೇಶಿ, ಆಡಾಕ ಮಂದಿ ಬೇಕಾದಷ್ಟು ಸಿಗ್ತಾರ. ನೋಡಾಕ ಅಗದಿ ನಿಯತ್ತಿನಿಂದ ಕುಂಡ್ರಾವ್ರು ಎಲ್ಲಿ ಸಿಗ್ತಾರಲೇ?" ಎಂದು ಗೆರೆಯ ಹೊರಗೇ ಚಕ್ಕಳಮಕ್ಕಳ ಹಾಕಿ ಕುಳಿತ. ನಮ್ಮ ಬೆನ್ನಿನ ಮೇಲೆ ಒಂದರಿಂದ ಏಳರವರೆಗೆ ನಂಬರು ಇದ್ದವು. ಅವನ ಬೆನ್ನು ಖಾಲಿ. ಒಂದು ನಂಬರು ಬರೆಸಲೇ ಎಂದು ಕೇಳಿದರೆ ಸಿಟ್ಟಿಗೆದ್ದ. "ನಂಬರ ಆಡಾವ್ರಿಗೆ. ನೋಡಾವ್ರಿಗೆ ಬರೇ ಬಣ್ಣ. ಅದನ್ನ ಹೊತಗೊಂಡ ತಿರಗೂದs ದೊಡ್ಡ ಕೆಲಸ ಐತಿ."

ಆ ಬಣ್ಣದ ಕಥೆ ಹೇಳಬೇಕು. ಗುಡಗೇರಿ ಕಡೆಯ ಊರುಗಳಲ್ಲೆಲ್ಲ ಆಗ ತಂಡ ಕಟ್ಟುವ ಹುಚ್ಚು ಹಬ್ಬಿತ್ತು. ಹಳ್ಳದ ಆಚೆಯ ಊರಿನವರು ನಮಗಿಂತ ಮೊದಲೇ ಹುಬ್ಬಳ್ಳಿಗೆ ಹೋಗಿ ಅಂಗಡಿಯಲ್ಲಿದ್ದ ಕೆಂಪು ಬನಿಯನ್ನುಗಳನ್ನೆಲ್ಲ ಬಾಚಿಕೊಂಡು ಬಂದಿದ್ದರು. ನಮಗೆ ಸಿಕ್ಕಿದ್ದು ಬಿಳಿಯವು. ಬಿಳಿ ಹಾಕಿಕೊಂಡು ಆಡುವುದಕ್ಕೂ ಮನೆಯಲ್ಲಿ ಹಾಸಿಗೆಯಿಂದ ಎದ್ದು ಬರುವುದಕ್ಕೂ ಏನು ವ್ಯತ್ಯಾಸ? ಆಗ ಕಾಕಾನ ಹೆಂಡತಿ ನಾಗವ್ವ ಕಾಕು ದೊಡ್ಡ ಹಂಡೆಯಲ್ಲಿ ಅರಿಷಿಣ ಕುದಿಸಿ ಎಲ್ಲವನ್ನೂ ಅದರಲ್ಲಿ ಅದ್ದಿ ತೆಗೆದಳು. ಸೂರ್ಯಕಾಂತಿ ಹೂವಿನಂಥ ಹಳದಿ. ಪಂದ್ಯ ಮುಗಿಯುವ ಹೊತ್ತಿಗೆ ಬೆವರಿಗೆ ಬಣ್ಣ ಇಳಿದು ನಾವು ಏಳೂ ಜನ ಮದುವೆಯ ಹಂದರದಿಂದ ಓಡಿಬಂದ ಮದುಮಕ್ಕಳಂತೆ ಕಾಣುತ್ತಿದ್ದೆವು. ಬಿಸಿಲಿಗೆ ಬಣ್ಣ ಹಾರಿತೆಂದರೆ ಕಾಕು ಮತ್ತೆ ಹಂಡೆ ಏರಿಸುತ್ತಿದ್ದಳು.

ಒಂದೇ ತೊಡಕು. ಅರಿಷಿಣಕ್ಕೆ ಸಾಬೂನು ತಾಗಿದರೆ ಅದು ಕೆಂಪಾಗುತ್ತದೆ. ಕೆಂಪೆಂದರೆ ಹಳ್ಳದ ಆಚೆಯವರ ಬಣ್ಣ! ಆದ್ದರಿಂದ ಚನ್ನಪ್ಪ ಕಾಕಾ ಮಾಡಿದ ಮೊದಲ ಕಾಯ್ದೆಯೇ ಬನಿಯನ್ನಿಗೆ ಸಾಬೂನು ತೋರಿಸಬಾರದು ಎಂಬುದು. ಏಳೂ ಮನೆಗಳಿಗೆ ಹೋಗಿ ಬಾಗಿಲಲ್ಲಿ ನಿಂತು ಹೆಣ್ಣುಮಕ್ಕಳಿಗೆ ಹೇಳಿ ಬಂದ. "ಬರೇ ನೀರಾಗ ಜಾಲಸ್ರಿ ಯವ್ವಾ. ಸಬಕಾರ ಹಚ್ಚಿದ್ರ ನಿಮ್ಮ ಗಂಡಸ್ರು ಸಂಜಿಕ್ಕ ಬ್ಯಾರೆ ಊರಾವ್ರಾಗಿ ಬರ್ತಾರ ನೋಡ್ರಿ." ಪರಿಣಾಮವಾಗಿ ನಮ್ಮ ತಂಡ ಎದುರಾಳಿಗೆ ಮೊದಲು ಕಣ್ಣಿಗಲ್ಲ, ಮೂಗಿಗೆ ಬರುತ್ತಿತ್ತು.

ಕಾಯ್ದೆಗಳು ಅಲ್ಲಿಗೇ ನಿಲ್ಲಲಿಲ್ಲ. ಪಂದ್ಯದ ದಿನ ಬೆಳಗ್ಗೆ ಏರಿಸಿದ ಬನಿಯನ್ನನ್ನು ಮರಳಿ ಮನೆ ಮುಟ್ಟುವವರೆಗೆ ಇಳಿಸುವಂತಿಲ್ಲ. ಮೇಲೆ ಅಂಗಿ ಹಾಕಿ ಮುಚ್ಚುವಂತಿಲ್ಲ. ಬನಿಯನ್ನು ಮೈಮೇಲಿರುವಾಗ ಅಂಪೈರಿಗೆ ಬಯ್ಯುವಂತಿಲ್ಲ, ಯಾಕೆಂದರೆ ಬಯ್ದದ್ದು ಚನ್ನಪ್ಪ ಅಲ್ಲ, ಇಡೀ ಊರು ಬಯ್ದ ಹಾಗೆ. ಈ ಕೊನೆಯ ಕಾಯ್ದೆ ಅವನನ್ನೇ ತಿನ್ನುತ್ತಿತ್ತು, ಪಾಪ. ಒಮ್ಮೆ ಅಂಪೈರು ನನ್ನನ್ನು ತಪ್ಪಾಗಿ ಔಟ್ ಕೊಟ್ಟಾಗ ಕಾಕಾನ ಮುಖ ಕೆಂಪೇರಿತು, ಗಂಟಲ ನರ ಉಬ್ಬಿದವು. ತಡೆಯಲಾರದೆ ಎದ್ದ. ಹೊಟ್ಟೆಯಿಂದ ಬನಿಯನ್ನನ್ನು ಕಷ್ಟಪಟ್ಟು ಸುಲಿದು, ನಾಲ್ಕು ಮಡಿಕೆ ಮಾಡಿ, ಬಾಜು ಕುಳಿತವರ ಕೈಗೆ "ಸ್ವಲ್ಪ ಹಿಡ್ಕೋರಿ" ಎಂದು ಕೊಟ್ಟ. ಆಮೇಲೆ ಬರಿಮೈಯಲ್ಲಿ ನಿಂತು ಅಂಪೈರಿನ ಕಣ್ಣು, ಕನ್ನಡಕ, ಅವನಿಗೆ ಅದನ್ನು ಬರೆದುಕೊಟ್ಟ ಡಾಕ್ಟರು ಎಲ್ಲರನ್ನೂ ಬಯ್ದ. ಮುಗಿದ ಮೇಲೆ ಬನಿಯನ್ನು ಮರಳಿ ಏರಿಸಿ ಕುಳಿತು, "ಅಂಪೈರ್ ಸಾಹೇಬ್ರ, ನಡೀಲ್ರಿ ಆಟ" ಎಂದ. ಆ ಸಾಹೇಬರು ಸೀಟಿ ಊದಲಾರದಷ್ಟು ನಗುತ್ತಿದ್ದರು. ಇಳಿಸಬಾರದೆಂಬ ಕಾಯ್ದೆ ಏನಾಯಿತು ಎಂದು ನಾನು ಆಮೇಲೆ ಕೇಳಿದೆ. "ಬೈಯಾಕ ಇಳಿಸಿದ್ರ ಅದು ಇಳಿಸಿದಂಗಲ್ಲ" ಎಂದ. ಕಾಯ್ದೆ ಮಾಡಿದವನೇ ವಕೀಲನೂ ಆಗಿದ್ದ.

ಎಲ್ಲಕ್ಕಿಂತ ಕಠಿಣವಾದದ್ದು ಸೋತ ದಿನದ ಕಾಯ್ದೆ. ಒಮ್ಮೆ ಗುಡಗೇರಿಯಲ್ಲಿ ಸಂತೆಯ ದಿನವೇ ಪಂದ್ಯವಿಟ್ಟಿದ್ದರು, ಕಾಕಾ ಅವತ್ತು ಗಿರಣಿಗೆ ಬೀಗ ಹಾಕಿಯೇ ಬಂದಿದ್ದ. ನಾವು ಹೀನಾಯವಾಗಿ ಸೋತೆವು. ನಮ್ಮ ಬಸ್ಯಾ ನಾಚಿಕೆಯಿಂದ ಬನಿಯನ್ನಿನ ಮೇಲೆ ಅಂಗಿ ತೊಟ್ಟುಕೊಂಡು ಮೆಣಸಿನಕಾಯಿ ಚೀಲಗಳ ಸಂದಿಯಲ್ಲಿ ನುಸುಳುತ್ತಿದ್ದ. ಕಾಕಾ ನಡುಸಂತೆಯಲ್ಲಿ ಅವನ ಕಾಲರು ಹಿಡಿದ. "ಬಿಚ್ಚಲೇ ಅಂಗಿ! ಗೆದ್ದಾಗ ಕತ್ತೆಗೂ ಹಾಕಬಹುದು ಈ ಬನೀನ. ಸೋತಾಗ ಹಾಕ್ಕೊಂಡು ಸಂತ್ಯಾಗ ಅಡ್ಡಾಡಾವಗ ಗಂಡಸು ಅಂತಾರ." ಬಸ್ಯಾ ಅಂಗಿ ಬಿಚ್ಚಿದ. ಕಾಕಾ ನಮ್ಮೆಲ್ಲರನ್ನೂ ಸಾಲಾಗಿ ನಿಲ್ಲಿಸಿ, ತಾನು ಮುಂದೆ ನಿಂತು, ಸಂತೆಯ ಈ ತುದಿಯಿಂದ ಆ ತುದಿಗೆ ನಡೆಸಿಕೊಂಡು ಹೋದ. ಬದನೆಕಾಯಿ ಮಾರುವ ಮುದುಕಿ "ಗೆದ್ರೇನ್ರಪಾ?" ಎಂದು ಕೇಳಿದಳು. "ಸೋತ್ವಿ ಬೇ ಯವ್ವಾ, ಅಗದಿ ಚೊಲೋತ್ನ್ಯಾಗ ಸೋತ್ವಿ!" ಎಂದು ಕಾಕಾ ಎದೆ ಉಬ್ಬಿಸಿ ಹೇಳಿದ. ಅವಳು ನಮಗೆಲ್ಲ ಒಂದೊಂದು ಸವತೆಕಾಯಿ ಕೊಟ್ಟಳು.

ಇಂಥ ಮನುಷ್ಯನ ಮಗಳಿಗೆ ಹಳ್ಳದ ಆಚೆಯ ಊರಿನ ಸಂಬಂಧ ಬಂತು.

ಗಿರಿಜಾ ಒಬ್ಬಳೇ ಮಗಳು. ಹುಡುಗ ಈರಣ್ಣ, ಕೆಂಪು ತಂಡದ ಹಿಡಿತಗಾರ. ನನ್ನ ಬಲಗಾಲಿನ ಹಿಮ್ಮಡಿಗೂ ಅವನ ಕೈಗೂ ಹಳೆಯ ಪರಿಚಯ. ಗಿರಿಜಾ ಅವನನ್ನು ನಮ್ಮೂರ ಪಂದ್ಯದಲ್ಲಿ ನೋಡಿದ್ದಳು, ಅವ್ವನಿಗೆ ತನ್ನ ಮನಸ್ಸನ್ನೂ ಹೇಳಿದ್ದಳು. ಹುಡುಗ ಒಳ್ಳೆಯವನು, ಹೊಲಮನೆ ಗಟ್ಟಿ. ಆದರೆ ಅವನ ಅಪ್ಪ ರುದ್ರಪ್ಪನವರು ಆ ಊರಿನ ಚನ್ನಪ್ಪ! ಅದೇ ವಯಸ್ಸು, ಅಷ್ಟೇ ಹೊಟ್ಟೆ, ಕೆಂಪು ಬನಿಯನ್ನು. ಪ್ರತಿ ಪಂದ್ಯದಲ್ಲೂ ಇಬ್ಬರೂ ಅಂಕಣದ ಎರಡು ಬದಿಗೆ ಎದುರುಬದುರಾಗಿ ಕುಳಿತು ಮೀಸೆ ತಿರುವುತ್ತಿದ್ದರು.

ಸಕ್ಕರೆ ಹಂಚಿ ಸಂಬಂಧ ಗಟ್ಟಿ ಮಾಡಲು ರವಿವಾರ ತಮ್ಮೂರಿಗೆ ಬನ್ನಿ ಎಂದು ರುದ್ರಪ್ಪನವರು ಹೇಳಿ ಕಳಿಸಿದರು. ಅದೇ ದಿನ ಮಧ್ಯಾಹ್ನ ಅಲ್ಲೇ ನಮಗೂ ಅವರಿಗೂ ಪಂದ್ಯ. ಜೊತೆಗೆ ಇನ್ನೊಂದು ಮಾತೂ ಬಂತು: ಬೀಗರು ಬರಲಿ, ಆದರೆ ಆ ಹಳದಿ ನಮ್ಮ ಪಡಸಾಲೆ ಹತ್ತಬಾರದು. ಕಾಕಾ ಕೆರಳಿದ. "ಆಟದ ದಿನಾ ಬನೀನ ಇಲ್ಲದs ನಾ ಹೊಸ್ತಿಲಾ ದಾಟಾಂವಲ್ಲ." ನಾಗವ್ವ ಕಾಕು ಬೇಡಿಕೊಂಡಳು. ನಾವು ತಂಡದವರೇ ಹೋಗಿ, ಒಂದು ದಿನ ಬಿಟ್ಟರೆ ಏನಾಯಿತು ಕಾಕಾ, ಬಿಳಿ ಅಂಗಿ ಹಾಕಿಕೋ ಎಂದೆವು. "ಸಂತ್ಯಾಗ ಬಸ್ಯಾನ ಅಂಗಿ ಬಿಚ್ಚಿಸಿದಾಂವ ನಾನು. ಈಗ ನನ್ನ ಕೆಲಸ ಬಂತಂತ ಅಂಗಿ ಹಾಕ್ಕೊಂಡ್ರ, ನಾಳೆ ಯಾವ ಮಾರಿ ತಗೊಂಡು ನಿಮ್ಮ ಮುಂದ ಕುಂಡ್ರಲಿ?" ಎಂದ. ಗಿರಿಜಾ ಅಪ್ಪನ ಜೊತೆ ಮಾತು ಬಿಟ್ಟಳು. ಅವಳು ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಓಣಿಯ ತುದಿಗೂ ಕೇಳುತ್ತಿತ್ತು. ಕಾಕಾ ಶನಿವಾರ ಗಿರಣಿಯಲ್ಲಿ ಮೆಣಸಿನಕಾಯಿಯ ಬೆನ್ನಿಗೇ ಯಾರದೋ ಗೋಧಿ ಸುರಿದು ಬೀಸಿಬಿಟ್ಟ. ಕಾಕಾನ ತಲೆ ನೆಟ್ಟಗಿಲ್ಲವೆಂದು ಆಗಲೇ ಊರಿಗೆ ಗೊತ್ತಾಯಿತು.

ರವಿವಾರ ಬೆಳಗ್ಗೆ ಅವನ ಮನೆಯಿಂದ ದೊಡ್ಡ ಬೊಬ್ಬೆ. ಓಡಿದೆವು. ಕಾಕಾ ಅಂಗಳದಲ್ಲಿ ನಿಂತು ಬನಿಯನ್ನನ್ನು ಬಾವುಟದ ಹಾಗೆ ಎತ್ತಿ ಹಿಡಿದಿದ್ದ. ಅದು ಕುಂಕುಮದ ಹಾಗೆ ಕೆಂಪಾಗಿತ್ತು. ಅಂಚಿನಲ್ಲಿ ಇನ್ನೂ ಸಾಬೂನಿನ ನೊರೆ ಒಣಗಿ ಕೂತಿತ್ತು.

"ನೋಡ್ರಿ, ನಿಮ್ಮ ಕಾಕು ಏನ ಮಾಡಿಟ್ಟಾಳ! ಬೀಗರ ಮುಂದ ನಾರಬಾರ್ದಂತ ಸಬಕಾರ ಹಚ್ಚಿ ಒಗದಾಳ! ಹಾಳ ಮಾಡಿದಳು ನನ್ನ!"

ನಾಗವ್ವ ಕಾಕು ಸೆರಗು ಬಾಯಿಗೆ ಹಿಡಿದು ಬಾಗಿಲ ಹಿಂದೆ ನಿಂತಿದ್ದಳು. ಅಳುತ್ತಿದ್ದಾಳೆಂದು ನಾವು ತಿಳಿದೆವು.

"ಈಗ ನೀನs ಹೇಳು ಕ್ಯಾಪ್ಟನ್. ಹಾಕ್ಕೊಳ್ಲೋ ಬಿಡ್ಲೋ?"

ಅಂಗಳದಲ್ಲೇ ನ್ಯಾಯ ಕೂಡಿತು. ಬಸ್ಯಾ, ಬಣ್ಣ ಹೋದ ಮೇಲೆ ಅದು ನಮ್ಮ ಬನಿಯನ್ನೇ ಅಲ್ಲ ಎಂದ. ನಾನು ಬಹಳ ಗಂಭೀರವಾಗಿ ತೀರ್ಪು ಕೊಟ್ಟೆ: ಕಾಯ್ದೆ ಇರುವುದು ಬನಿಯನ್ನು ಇಳಿಸಬಾರದೆಂದು, ಅದು ತಾನಾಗಿ ಬಣ್ಣ ಬದಲಿಸಿದರೆ ಹಾಕಿಕೊಂಡವನ ತಪ್ಪಲ್ಲ. ಕಾಕಾ ದೊಡ್ಡ ನಿಟ್ಟುಸಿರು ಬಿಟ್ಟು ಬನಿಯನ್ನು ಏರಿಸಿದ. "ಏನ್ ಮಾಡೂದು, ಹಣೇಬರಾ. ನಡೀರಿ, ಹೋಗೂಣು."

ರುದ್ರಪ್ಪನವರು ತಮ್ಮ ಪಡಸಾಲೆಯ ಮೆಟ್ಟಿಲ ಮೇಲೆ ಜಗಳಕ್ಕೆ ತಯಾರಾಗಿಯೇ ನಿಂತಿದ್ದರು. ಕೆಂಪು ತೊಟ್ಟು ಬಂದ ಚನ್ನಪ್ಪ ಕಾಕಾನನ್ನು ನೋಡಿದ್ದೇ ಅವರ ಬಾಯಿ ತೆರೆದದ್ದು ಹಾಗೇ ಉಳಿಯಿತು. ಆಮೇಲೆ ಮೆಟ್ಟಿಲಿಳಿದು ಬಂದು ಅಪ್ಪಿಕೊಂಡರು. ಎರಡು ಹೊಟ್ಟೆಗಳು ಮೊದಲು ಭೆಟ್ಟಿಯಾದವು. "ಬೀಗರ, ಇಷ್ಟ ದೊಡ್ಡ ಮನಸಿನ ಮನಷ್ಯಾರು ಅಂತ ನನಗ ಗೊತ್ತs ಇರಲಿಲ್ಲರಿ" ಎಂದರು. ಅವರ ಕಣ್ಣಲ್ಲಿ ನೀರು. ಕಾಕಾ ಅಂಚಿನಲ್ಲಿ ಒಣಗಿದ್ದ ನೊರೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ಹಾಕಿದ. ಸಕ್ಕರೆ ಹಂಚಿದ್ದಾಯಿತು.

ಮಧ್ಯಾಹ್ನ ಪಂದ್ಯದಲ್ಲಿ ರುದ್ರಪ್ಪನವರು ಹೊಸ ಬೀಗರನ್ನು ತಮ್ಮ ಬಾಜುವೇ ಕೂರಿಸಿಕೊಂಡು, ಕೈಗೆ ಮಜ್ಜಿಗೆಯ ಚೊಂಬು ಕೊಟ್ಟರು. ನಾನು ರೇಡಿಗೆ ಹೋದವನು ಕಬಡ್ಡಿ ಕಬಡ್ಡಿ ಎನ್ನುತ್ತ ತಲೆ ಎತ್ತಿ ನೋಡಿದರೆ, ಕೆಂಪು ಸಾಲಿನಲ್ಲಿ ಕೆಂಪು ಚನ್ನಪ್ಪ ಕಾಕಾ, ಶಾಲೆಗೆ ಹೊಸದಾಗಿ ಸೇರಿದ ಹುಡುಗನ ಹಾಗೆ ಕುಳಿತಿದ್ದ. ನಗು ಉಕ್ಕಿ ದಮ್ಮು ಮುರಿಯಿತು. ಔಟ್. ನನ್ನ ಹಿಂದೆ ಹೋದ ಬಸ್ಯಾನದೂ ಅದೇ ಗತಿ. ಮೂರನೆಯವನು ಮಾತ್ರ ಕಣ್ಣು ನೆಲಕ್ಕೆ ನೆಟ್ಟು ಹೋಗಿ, ಒಂದೇ ಉಸಿರಿನಲ್ಲಿ ಇಬ್ಬರನ್ನು ಮುಟ್ಟಿ ಬಂದ. ಕಾಕಾ ತಾನು ಎಲ್ಲಿದ್ದೇನೆಂಬುದನ್ನೇ ಮರೆತು "ಹೋss!" ಎಂದು ಜಿಗಿದೆದ್ದ. ಚೊಂಬಿನ ಮಜ್ಜಿಗೆ ಎದೆಯ ಮೇಲೆ ಚೆಲ್ಲಿತು.

ಚೆಲ್ಲಿದ ಕಡೆ ಬನಿಯನ್ನು ಹಳದಿಯಾಯಿತು.

ಸಾಬೂನಿಗೆ ಕೆಂಪಾದ ಅರಿಷಿಣ ಹುಳಿ ತಾಗಿದರೆ ಮತ್ತೆ ಹಳದಿಯಾಗುತ್ತದೆಂದು ಅಲ್ಲಿದ್ದ ಹೆಂಗಸರಿಗೆಲ್ಲ ಗೊತ್ತಿತ್ತು. ಗಂಡಸರು ಮಾತ್ರ ಪವಾಡ ನೋಡಿದವರ ಹಾಗೆ ಎದ್ದು ನಿಂತರು. ಅಂಪೈರು ಆಟ ನಿಲ್ಲಿಸಿ ನೋಡಲು ಬಂದ. ಕಾಕಾ ಎದೆಯ ಮೇಲಿನ ಹಳದಿ ಮಚ್ಚೆಯನ್ನು ನೋಡಿಕೊಂಡ, ಬೀಗರನ್ನು ನೋಡಿದ, ಚೊಂಬನ್ನು ನೋಡಿದ. ಉಳಿದದ್ದನ್ನೂ ಹೆಗಲಿನಿಂದ ಸುರಿದುಕೊಂಡುಬಿಟ್ಟ. ಮದುವೆಯೇ ಮುರಿಯಿತೆಂದು ನಾನು ಅಂದುಕೊಂಡೆ. ರುದ್ರಪ್ಪನವರು ಚೊಂಬಿನಲ್ಲಿ ಇಣುಕಿ ನೋಡಿ, "ಸಕ್ಕರಿ ತಿಂದ ಮ್ಯಾಲೆ ಬಣ್ಣ ತೋರಸ್ತೀರೇನ್ರೀ ಬೀಗರ?" ಎಂದು ನಗತೊಡಗಿದರು. ನಗುತ್ತ ನಗುತ್ತ ನೆಲಕ್ಕೆ ಕುಳಿತರು.

ಪಂದ್ಯ ನಾವೇ ಸೋತೆವು. ಕಾಕಾ ಮಜ್ಜಿಗೆ ನಾರುತ್ತ, ಹಳದಿ ಮೈಯಲ್ಲಿ ಆ ಊರಿನ ನಡುಬೀದಿಯಲ್ಲೇ ನಡೆದ. ರುದ್ರಪ್ಪನವರು ಹಳ್ಳದವರೆಗೂ ಕೆಂಪು ಬನಿಯನ್ನಿನಲ್ಲಿ ಅವನ ಬಾಜುವೇ ನಡೆದು ಬಂದು ಬೀಳ್ಕೊಟ್ಟರು. ಗೆದ್ದವನು ಸೋತವನನ್ನು ಸೀಮೆಯವರೆಗೆ ಕಳಿಸಿ ಬರಬೇಕೆಂಬುದು ಅಂದಿನಿಂದ ಎರಡೂ ಊರಿಗೆ ಕಾಯ್ದೆಯಾಯಿತು.

ನಾನು ಕಾಕಾನನ್ನು ಕೊನೆಗೆ ಭೆಟ್ಟಿಯಾದದ್ದು ಅವನು ಹಾಸಿಗೆ ಹಿಡಿದ ಮೇಲೆ. ತಂಡಕ್ಕೆ ಆಗಷ್ಟೇ ನೈಲಾನಿನ ಹೊಸ ಬನಿಯನ್ನುಗಳು ಬಂದಿದ್ದವು, ಮಿರಿಮಿರಿ ಮಿಂಚುವ ಹಳದಿ. ಅವನಿಗಾಗಿ ಒಂದನ್ನು ಒಯ್ದಿದ್ದೆ. ತವರಿಗೆ ಬಂದಿದ್ದ ಗಿರಿಜಾನ ಮಗಳು ಅವನ ಹೊಟ್ಟೆಗೆ ಒರಗಿ ಕುಳಿತಿದ್ದಳು. ಆ ಹೊಟ್ಟೆ ಈಗ ಬಹಳ ಇಳಿದಿತ್ತು. ಕಾಕಾ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿದ.

"ಇದಕ್ಕ ಸಬಕಾರ ಹಚ್ಚಿದ್ರ ಕೆಂಪ ಆಕ್ಕೈತೇನಲೇ?"

"ಇಲ್ಲ ಕಾಕಾ. ಏನ್ ಹಚ್ಚಿದ್ರೂ ಬಣ್ಣ ಹೋಗೂದಿಲ್ಲ. ಗ್ಯಾರಂಟಿ ಮಾಲು."

ಅವನು ಮೊಮ್ಮಗಳ ತಲೆ ಸವರಿದ. "ಹಂಗಾದ್ರ ನಾಳೆ ಇಕೀ ಲಗ್ನಾ ಹೆಂಗ ಮಾಡ್ತೀರಿ?"

ನನಗೆ ತಿಳಿಯಲಿಲ್ಲ. ನಾಗವ್ವ ಕಾಕು ಅವತ್ತಿನ ಹಾಗೆಯೇ ಸೆರಗು ಬಾಯಿಗೆ ಹಿಡಿದಳು. ಈ ಸಲ ನಗು ಹೊರಗೇ ಬಂತು. "ನಸುಕಿನ್ಯಾಗ ಎದ್ದು ಹಿತ್ತಲದಾಗ ಕುಂತು ಸಬಕಾರ ತಿಕ್ಕಿದಾವ್ರು ಇವ್ರು. ಊರ ಮಂದಿ ಮುಂದ ಬೈಸಿಕೊಂಡಾಕಿ ನಾನು! ಅಲ್ಲೋ ಮಲ್ಲೇಶಿ, ನಾ ಒಗದಿದ್ರ ನೊರಿ ಹಂಗs ಬಿಟ್ಟು ಒಣಾ ಹಾಕ್ತಿದ್ನೇನು?"

ನಾನು ಕಾಕಾನ ಮುಖ ನೋಡಿದೆ. ತಾನು ಮಾಡಿದ ಮೊದಲ ಕಾಯ್ದೆಯನ್ನೇ ಮಗಳಿಗಾಗಿ ಮುರಿದು, ನನ್ನಿಂದ ತೀರ್ಪು ಬೇರೆ ಕೊಡಿಸಿಕೊಂಡವನು! ಅವನ ಮೇಲೆ ಅಷ್ಟು ಪ್ರೀತಿ ನನಗೆ ಹಿಂದೆಂದೂ ಬಂದಿರಲಿಲ್ಲ. "ಬಾಯಿ ಮುಚ್ಚಲೇ. ಹುಡುಗರ ಮುಂದ ಹೇಳಬ್ಯಾಡ. ಕಾಯ್ದೆ ಸಡ್ಲ ಆಕ್ಕಾವ" ಎಂದು ಕಾಕಾ ನನಗೆ ಹೇಳಿದ.

ಕಾಕಾ ಹೋದ ಮೇಲೆ ನಮ್ಮೂರಲ್ಲಿ ನಡೆದ ಮೊದಲ ಪಂದ್ಯಕ್ಕೆ ರುದ್ರಪ್ಪನವರು ಬಂದರು. ತಮ್ಮವರ ಕಡೆ ಹೋಗಲಿಲ್ಲ. ನಮ್ಮ ಬದಿಗೆ ಬಂದು, ಕಾಕಾ ಕೂರುತ್ತಿದ್ದ ಜಾಗದಲ್ಲಿ ಕೆಂಪು ಬನಿಯನ್ನು ತೊಟ್ಟು ಚಕ್ಕಳಮಕ್ಕಳ ಹಾಕಿ ಕುಳಿತರು. ಬಾಜುವಿಗೆ ಒಂದು ಚೊಂಬು ಮಜ್ಜಿಗೆ ಇಟ್ಟುಕೊಂಡಿದ್ದರು. ಅವತ್ತು ಗೆದ್ದವರು ನಾವು. ಕೊನೆಯ ಸೀಟಿ ಊದಿದಾಗ ರುದ್ರಪ್ಪನವರು ಎದ್ದು ನಿಂತು, ಚೊಂಬೆತ್ತಿ ಮಜ್ಜಿಗೆಯನ್ನೆಲ್ಲ ತಮ್ಮ ಎದೆಯ ಮೇಲೆ ಸುರಿದುಕೊಂಡರು. ತಲೆ ಬಗ್ಗಿಸಿ ಬಹಳ ಹೊತ್ತು ಬನಿಯನ್ನನ್ನೇ ನೋಡಿದರು. ಅಂಗಡಿಯ ಕೆಂಪು ಅದು, ಕೆಂಪಾಗಿಯೇ ಉಳಿಯಿತು.